ಬಿದಿಗೆಯ ಚಂದ್ರನಿಗೆ ಸಾಕ್ಷಿ

ರಂಜಾನ್ ಮುಗಿಯುವ ಸಂಜೆ ನಾನೂ ಸಾಹೇಬರೂ ಮೊದಲ ಬಾರಿ ಚಂದ್ರ ನೋಡಲು ಪರ್ತ್‌ನ ಕಡಲ ದಂಡೆಗೆ ಹೋದದ್ದು ಮಾರ್ಚ್‌ನಲ್ಲಿ ಎಂದು ಬಹಳ ಕಾಲ ನಂಬಿದ್ದೆ. ಪಂಚಾಂಗದೊಡನೆ ತಾಳೆ ನೋಡಿದಾಗ ಅದು ಏಪ್ರಿಲ್ ಎಂದು ಖಚಿತವಾಯಿತು. ಆಗ ನಾನು ಸಂಶೋಧನೆಯಿಂದ ನಿವೃತ್ತನಾಗಿದ್ದೆ. ಅವರು ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ನನ್ನ ನೆರೆಯವರು, ಮೈಸೂರಿನ ಮುಸ್ಲಿಮರು. ಚಂದ್ರಾಸ್ತದ ವೇಳೆಯನ್ನು ಲೆಕ್ಕ ಹಾಕುವುದು ನನ್ನ ಪಾಲು, ಕಾರು ಓಡಿಸುವುದು ಅವರ ಪಾಲು. ಬಿದಿಗೆಯ ಗೆರೆ ಸಾಮಾನ್ಯವಾಗಿ ನನ್ನ ಕಣ್ಣಿಗೇ ಮೊದಲು ಬೀಳುತ್ತಿತ್ತು. ನನ್ನ ಬೆರಳಿನ ಗುರಿ ಹಿಡಿದು ಅವರು ನೋಡುತ್ತಿದ್ದರು, ಕಂಡೊಡನೆ ಪ್ರಾರ್ಥಿಸುತ್ತಿದ್ದರು.

ಗಣೇಶ ಚೌತಿಯ ಸಂಜೆ ನಮ್ಮ ಮನೆಗೆ ಬಂದು ಅವರೇ ಕಿಟಕಿಯ ಪರದೆ ಎಳೆಯುತ್ತಿದ್ದರು. “ಇವತ್ತು ನಿಮ್ಗೆ ಚಂದ್ರ ಆಗಲ್ಲ ಡಾಕ್ಟ್ರೇ. ನಿಮ್ಮ ಪರವಾಗಿ ನಾನೇ ನೋಡ್ಕೊಂಡ್ಬರ್ತೀನಿ.”

ಅನಂತರ ಅವರು ಬ್ರಿಸ್ಬೇನ್‌ಗೆ, ಸನ್ನಿಬ್ಯಾಂಕ್ ಬಳಿಯ ಮಗನ ಮನೆಗೆ ಹೋದರು. ಪೂರ್ವದ ಆ ಊರಿನಲ್ಲಿ ಕಾಣದ ಚಂದ್ರ ಅದೇ ಸಂಜೆ ಪರ್ತ್‌ನಲ್ಲಿ ಕಾಣುವುದುಂಟು. ಮೊದಲ ವರ್ಷವೇ ಹಾಗಾಯಿತು. ದಂಡೆಯಿಂದಲೇ ಫೋನ್ ಮಾಡಿದೆ.

“ಸಾಹೇಬ್ರೇ, ಕಾಣಿಸ್ತು. ನಾಳೆ ಹಬ್ಬ ಮಾಡಿ.”

“ನೋಡಿದ್ದು ನೀವೊಬ್ರೇನಾ?”

“ಇನ್ಯಾರ್ ಬರ್ತಾರೆ ನನ್ಜೊತೆ?”

“ಹಾಗಾದ್ರೆ ನಡೆಯಲ್ಲ ಡಾಕ್ಟ್ರೇ. ಸಾಕ್ಷಿ ಹೇಳೋರು ನಮ್ಮೋರೇ ಆಗಿರ್ಬೇಕು. ಮಗ ಪಕ್ಕದಲ್ಲೇ ಇದಾನೆ, ಅವನೂ ಅದೇ ಅಂತಾನೆ.”

“ಇಷ್ಟು ವರ್ಷ ತೋರಿಸಿದ್ದು ನಾನೇ ಅಲ್ವಾ?”

“ತೋರಿಸಿದ್ದು ನೀವು. ನೋಡಿದ್ದು ನಾನು.”

ಇಸ್ಲಾಮೀ ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಪರಿಶೀಲಿಸಿದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿಯಮ ಮೊದಲಿನಿಂದಲೂ ಅದೇ. ಅವರು ಪಕ್ಕದಲ್ಲಿ ನಿಂತಿರುವವರೆಗೆ ಅದು ನನ್ನ ಅರಿವಿಗೆ ಬರಬೇಕಾದ ಸಂದರ್ಭವೇ ಒದಗಿರಲಿಲ್ಲ. ಆ ವರ್ಷದ ಚೌತಿಗೆ ಅವರ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ.

ಈ ವರ್ಷ ಅಡಿಲೇಡ್‌ನಲ್ಲಿರುವ ಮಗಳು ಗದರಿದಳು: “ಜಸ್ಟ್ ಟೆಕ್ಸ್ಟ್ ಹಿಮ್, ಅಪ್ಪಾ.” ನನ್ನ ಲೆಕ್ಕದಂತೆ ರಂಜಾನ್ ಮುಗಿಯುವ ಸಂಜೆ ಕಡಲ ದಂಡೆಗೆ ಹೋದೆ. ಗೆರೆ ಸ್ಪಷ್ಟವಾಗಿ ಕಂಡಿತು. ಸಾಕ್ಷಿಯೆಂದಲ್ಲ, ಸುದ್ದಿಯೆಂದು ಭಾವಿಸಿ ‘ಚಂದ್ರ ಕಂಡ’ ಎಂದಷ್ಟೇ ಬರೆದು ಕಳಿಸಿದೆ.

ಉತ್ತರ ಬೇಗನೆ ಬಂತು. ‘ಹಬ್ಬ ಇವತ್ತೇ ಆಗ್ಹೋಯ್ತು ಡಾಕ್ಟ್ರೇ. ಈಗ ನಮ್ಮೋರು ಮುಂಚೇನೇ ಲೆಕ್ಕ ಹಾಕಿ ಹೇಳ್ಬಿಡ್ತಾರೆ. ಯಾರೂ ನೋಡ್ಬೇಕಾಗಿಲ್ಲ.’

ಮನೆಗೆ ಬಂದು ಎರಡು ಬಾರಿ ಲೆಕ್ಕ ಹಾಕಿದೆ. ಹಿಂದಿನ ಸಂಜೆಗೆ ಅಮಾವಾಸ್ಯೆ ಕಳೆದಿತ್ತು, ಆದರೆ ಈ ದೇಶದ ಯಾವ ದಂಡೆಯಲ್ಲೂ ಚಂದ್ರ ಕಣ್ಣಿಗೆ ಕಾಣುವಂತಿರಲಿಲ್ಲ. ಅದನ್ನು ಅವರಿಗೆ ಬರೆಯಲಿಲ್ಲ.