ಯಾಮ್ ಪ್ರಸಾದ್ ಎಂಬವರು ಇಲ್ಲಿ ಯಾರೂ ಇಲ್ಲ

ಲಾನ್ಸೆಸ್ಟನ್ನಿನ ನಮ್ಮ ನೇಪಾಳಿ ಮಂದಿಯಲ್ಲಿ ಮಾಯ್ಲಾ ದಾಜುವನ್ನು ಅರಿಯದವರಿಲ್ಲ. ಶೇರ್‌ಚನ್ ದಂಪತಿಗಳ ಹೋಟೆಲಿನಲ್ಲಿ ಅಡುಗೆಯವನು. ನಮ್ಮಲ್ಲಿ ಮನೆಯ ಎರಡನೆಯ ಮಗನಿಗೆ ಮಾಯ್ಲಾ ಎನ್ನುತ್ತೇವೆ. ವಯಸ್ಸಿನಲ್ಲಿ ಹಿರಿಯನಾದರೆ ಹಿಂದೆ ದಾಜು, ಎಂದರೆ ಅಣ್ಣ, ಸೇರುತ್ತದೆ. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಮರ್ಯಾದೆಯಲ್ಲ. ಅವನಿಗೆ ಯಾಮ್ ಪ್ರಸಾದ್ ಪುನ್ ಎಂಬ ಹೆಸರಿದೆಯೆಂದು ನನಗೆ ತಿಳಿದದ್ದು ನಾನು ಮೇಷ್ಟ್ರಾದ್ದರಿಂದ. ಪೋಖರಾದಲ್ಲಿ ನಿವೃತ್ತನಾಗಿ ಇಲ್ಲಿ ಮಗನ ಮನೆಗೆ ಬಂದು ನೆಲಸಿದ ಮೇಲೂ, ಇಂಗ್ಲಿಷ್ ಪರೀಕ್ಷೆಗೆ ಹೇಳಿಸಿಕೊಳ್ಳಲು ಬರುವವರ ಹಾಜರಿ ಕೂಗದೆ ನನಗೆ ಪಾಠಕ್ಕೆ ಬಾಯಿ ಬರುತ್ತಿರಲಿಲ್ಲ.

ಅವನು ಈ ದೇಶಕ್ಕೆ ಬಂದದ್ದು ವಿದ್ಯಾರ್ಥಿ ವೀಸಾದ ಮೇಲೆ. ಮೊದಲು ಲೆಕ್ಕಪತ್ರದ ವಿದ್ಯೆ ಕಲಿತ. ಆ ಕೆಲಸದವರು ಈಗ ಬೇಕಾಗಿಲ್ಲ ಎಂದರು. ಅಡುಗೆ ಕಲಿತ, ಸಿಡ್ನಿಯಲ್ಲಿದ್ದರೆ ಆಗದು, ಚಿಕ್ಕ ಊರಿಗೆ ಹೋಗು ಎಂದರು. ಕಡಲು ದಾಟಿ ಈ ದ್ವೀಪದ ಚಳಿಗೆ ಬಂದ. ಇಂಗ್ಲಿಷ್ ಪರೀಕ್ಷೆಯಲ್ಲಿ ಇನ್ನೂ ಅರ್ಧ ಅಂಕ ಬೇಕು ಎಂದರು. ಆಗಲೇ ನನ್ನೆದುರು ಬಂದು ಕುಳಿತದ್ದು. ಹೆಂಡತಿ ಜುನಾ, ಮಗಳು ರೋಜಿನಾ ಊರಿನಲ್ಲಿ, ಬೇನಿಯಲ್ಲಿ. ಅವನು ಹೊರಟಾಗ ಮಗಳು ಗೋಡೆ ಹಿಡಿದು ನಡೆಯುತ್ತಿದ್ದಳು. ಈಗ ಫೋನಿನಲ್ಲಿ ಅಪ್ಪನ ಇಂಗ್ಲಿಷನ್ನು ತಿದ್ದುತ್ತಾಳೆ. ಪಿ.ಆರ್. ಸಿಕ್ಕರೆ, ಎಂದರೆ ಇಲ್ಲಿ ಕಾಯಂ ನೆಲಸುವ ಪರವಾನಗಿ ಸಿಕ್ಕರೆ, ಅದೇ ಅರ್ಜಿಯಲ್ಲಿ ಅವರಿಬ್ಬರೂ ಬಂದಂತೆಯೇ.

"ಸುಸ್ತಾಗಿದೆಯೇನಪ್ಪಾ?" ಎಂದು ಒಮ್ಮೆ ಕೇಳಿದೆ.

"ಸುಸ್ತಾಗೋಕೂ ಪುರುಸೊತ್ತು ಬೇಕಲ್ಲ ಸರ್" ಎಂದ.

ಅಂಕ ಬಂತು, ಅರ್ಜಿ ಹೋಯಿತು. ಒಂದೂವರೆ ವರ್ಷದ ಮೇಲೆ ಒಂದು ಬೆಳಿಗ್ಗೆ ಮನೆಗೆ ಬಂದು ಫೋನನ್ನು ನನ್ನ ಕೈಗಿಟ್ಟ. ವಲಸೆ ಇಲಾಖೆಯ ಪತ್ರ. ನೀವು ದುಡಿಯುತ್ತಿರುವುದಾಗಿ ಹೇಳಿದ ಹೋಟೆಲಿಗೆ ನಾವು ಫೋನು ಮಾಡಿದೆವು. ಅಂಥವರು ಇಲ್ಲಿ ಯಾರೂ ಇಲ್ಲವೆಂದು ತಿಳಿಸಿದರು. ಸುಳ್ಳು ಮಾಹಿತಿಗಾಗಿ ಅರ್ಜಿಯನ್ನು ಏಕೆ ತಳ್ಳಿಹಾಕಬಾರದು, ತಿಂಗಳೊಳಗೆ ಉತ್ತರಿಸಿ ಎಂದಿತ್ತು.

"ಯಾರ ಹೊಟ್ಟೆಗೆ ನಾನು ಕಲ್ಲು ಹಾಕಿದ್ದೆ ಸರ್?" ಎಂದಷ್ಟೇ ಕೇಳಿದ. ಸಿಟ್ಟು ಮಾಡಿಕೊಳ್ಳುವ ತ್ರಾಣವೂ ಆ ದನಿಯಲ್ಲಿರಲಿಲ್ಲ.

ಇಬ್ಬರೂ ಹೋಟೆಲಿಗೆ ಹೋದೆವು. ಮಧ್ಯಾಹ್ನದ ಊಟಕ್ಕೆ ಹೊತ್ತಾಗುತ್ತಿತ್ತೆಂದು ಅವನು ಏಪ್ರನ್ ಕಟ್ಟಿಕೊಂಡು ಮೂಲಂಗಿ ಹೆಚ್ಚಲು ನಿಂತ. ಯಜಮಾನ ನರೇಂದ್ರ ಸಾಮಾನು ತರಲು ಮೆಲ್ಬರ್ನಿಗೆ ಹೋಗಿದ್ದ. ಗಲ್ಲಾಪೆಟ್ಟಿಗೆಯ ಮುಂದೆ ಅವನ ಹೆಂಡತಿ ಅಂಜನಾ ಇದ್ದಳು. ಸಂಬಳದ ಕಾಗದಪತ್ರವೆಲ್ಲ ಗಂಡನದು. ಗಿರಾಕಿ, ಫೋನು ಇವಳದು.

"ಸಾಹುನಿ, ನನ್ನನ್ನ ಕೇಳ್ಕೊಂಡು ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಮಾಯ್ಲಾ ಒಳಗಿನಿಂದಲೇ ಕೇಳಿದ. ಯಜಮಾನಿಯನ್ನು ನಾವು ಸಾಹುನಿ ಎನ್ನುತ್ತೇವೆ.

"ನಿಮ್ಮನ್ನ ಯಾರೂ ಕೇಳಿಲ್ಲ ದಾಜು. ಯಾವನೋ ಒಬ್ಬ ಮಾಡಿದ್ದ, ಯಾರೋ ಪ್ರಸಾದ ಬೇಕು ಅಂತ. ಅಂಥೋರು ಇಲ್ಲಿ ಯಾರೂ ಇಲ್ಲ ಅಂದೆ. ಮತ್ತೂ ಕೇಳ್ದ. ‘ಅಂಗಡಿ ಶುರುವಾದಾಗಿಂದ ನಾನೇ ಇಲ್ಲಿ ಕೂತಿದೀನಿ, ನನ್ನ ಕೆಲಸದವರು ನನಗೆ ಗೊತ್ತಿಲ್ವೇನ್ರೀ’ ಅಂತ ಜೋರು ಮಾಡಿ ಇಟ್ಟೆ. ಈಗ ಮೋಸದ ಫೋನುಗಳೇ ಜಾಸ್ತಿ, ಅಲ್ವಾ ಸರ್?"

"ಆ ಪ್ರಸಾದ ನಾನೇ" ಎಂದ ಮಾಯ್ಲಾ. ಕತ್ತಿಯ ಸದ್ದು ನಿಲ್ಲಲಿಲ್ಲ.

ಪ್ರತಿ ತಿಹಾರ್ ಹಬ್ಬದಲ್ಲಿ ಅಣ್ಣನೆಂದು ಅವನ ಹಣೆಗೆ ಟೀಕಾ ಇಟ್ಟವಳು ಅವಳು. ನನ್ನ ಮುಖ ನೋಡಿದಳು, ಅವನ ಬೆನ್ನು ನೋಡಿದಳು.

"ನೀವಾ? ಒಂದ್ ದಿನ ಹೇಳೋಕಾಗ್ಲಿಲ್ವಾ ದಾಜು?"

"ಒಂದ್ ದಿನ ನೀವು ಕೇಳಿದ್ರೆ ತಾನೇ ಸಾಹುನಿ!"

ಅವಳು ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಗಿರಾಕಿಗಳು ಬಂದರು.

ಉತ್ತರವನ್ನು ನಾನೇ ಬರೆದೆ. ನರೇಂದ್ರ ಸಹಿ ಹಾಕಿ ಸಂಬಳದ ದಾಖಲೆಗಳನ್ನು ಸೇರಿಸಿದ. ಇಲಾಖೆಯವರು ಮತ್ತೆ ಫೋನು ಮಾಡಿಯೇ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅಂದಿನಿಂದ ಹೋಟೆಲಿನಲ್ಲಿ ಹೆಸರು ಹಿಡಿದು ಕರೆಯುವ ಅಭ್ಯಾಸ ಮೊದಲಾಯಿತು. ಅಂಜನಾಳ ನಾಲಿಗೆಗೆ ಅದು ಒಗ್ಗದು. "ಯಾಮ್ ಪ್ರಸಾದ್‌ಜೀ" ಎಂದವಳು ಹಿಂದೆಯೇ ನಾಲಿಗೆ ಕಚ್ಚಿಕೊಂಡು ಕೈಮುಗಿಯುತ್ತಿದ್ದಳು. "ಪಾಪ ಬರೋದಾದ್ರೆ ಇಲಾಖೆಗೆ ಬರ್ಲಿ, ಕರೀರಿ" ಎನ್ನುತ್ತಿದ್ದ ಅವನು.

ಫೋನು ಬಂದ ಮಧ್ಯಾಹ್ನ ನಾನು ಅಲ್ಲೇ ದಾಲ್‌ಭಾತ್ ಉಣ್ಣುತ್ತಿದ್ದೆ. ಅಂಜನಾ ಎದ್ದುನಿಂತು ಮಾತಾಡಿದಳು. "ಇದ್ದಾರೆ, ಇಲ್ಲೇ ಇದ್ದಾರೆ, ಕರೀತೀನಿ" ಎಂದು ಒಳಗೆ ಕೂಗಿದಳು. "ಯಾಮ್ ಪ್ರಸಾದ್‌ಜೀ!"

ಒಳಗೆ ಒಗ್ಗರಣೆ ಚಟಪಟಗುಟ್ಟಿತು.

"ಯಾಮ್ ಪ್ರಸಾದ್‌ಜೀ, ಫೋನು!"

ಆ ಬೆನ್ನು ತಿರುಗಲೇ ಇಲ್ಲ. ತನ್ನ ಹೆಸರಿಗೇ ಓಗೊಡದವನನ್ನು ಯಾರು ನಂಬುತ್ತಾರೆ? ಅಂಜನಾ ಹಿಂದುಮುಂದು ನೋಡದೆ ಕಿರುಚಿದಳು: "ಮಾಯ್ಲಾ ದಾಜೂ!"

"ಹಜೂರ್!" ಎಂದು ಅವನು ಸೌಟು ಹಿಡಿದೇ ಹೊರಗೆ ಬಂದ.

ಫೋನಿನಲ್ಲಿದ್ದ ಹೆಂಗಸು, ಈಗ ನೀವು ಕರೆದದ್ದು ಬೇರೆ ಯಾರನ್ನೋ ಅಲ್ಲವೇ ಎಂದು ಕೇಳಿರಬೇಕು. ಅಂಜನಾ ತನ್ನ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು: "ಅವರೇ ಇವರು ಮೇಡಂ. ಇವರ ತಾಯಿಗೆ ಎರಡನೇ ಮಗ. ನನಗಿಂತ ದೊಡ್ಡೋರು, ಹೆಸರು ಹೇಗೆ ಕರೀಲಿ? ಹೋದ ಸಲ ನಿಮ್ಮೋರು ಕೇಳಿದ್ದು ಯಾರೋ ಪರರನ್ನ ಅಂದ್ಕೊಂಡೆ." ಅನಂತರ ಮಾಯ್ಲಾ ಮಾತಾಡಿದ. ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಎಂದು ಆಕೆ ಕೇಳುತ್ತಿದ್ದಂತಿತ್ತು. ಹಿಟ್ಟು ನಾದಿದ್ದು, ಕುರಿಮಾಂಸ ಬೇಯಲಿಟ್ಟದ್ದು, ಗುಂಡ್ರುಕ್ ಎಂಬ ಒಣಸೊಪ್ಪು ನೆನೆಹಾಕಿದ್ದು, ಎಲ್ಲವನ್ನೂ ಅವನು ಒಂದೊಂದಾಗಿ ಒಪ್ಪಿಸಿದ. ಫೋನಿಟ್ಟು, "ಒಗ್ಗರಣೆ ಸೀದುಹೋಯ್ತು" ಎಂದು ಒಳಗೆ ಹೋದ.

ಚಳಿಗಾಲ ಕಳೆದು, ಹೋಟೆಲಿಗೆ ರಜೆಯಿದ್ದ ಒಂದು ಸೋಮವಾರ ಮತ್ತೆ ನನ್ನ ಮನೆಗೆ ಬಂದ. ಮತ್ತೆ ಫೋನನ್ನು ಕೈಗಿಟ್ಟ. ಓದಿದೆ. ಮೂವರಿಗೂ ಮಂಜೂರಾಗಿತ್ತು.

"ಹೆಸರು ಸರಿಯಾಗಿದೆಯಾ ನೋಡಿ ಸರ್."

ಹಳೆಯ ಚಾಳಿ, ಕನ್ನಡಕ ಸರಿಪಡಿಸಿಕೊಂಡು ಕೂಗಿದೆ: "ಯಾಮ್ ಪ್ರಸಾದ್ ಪುನ್."

"ಹಾಜಿರ್, ಸರ್" ಎಂದ.

ಹೆಂಡತಿಗೆ ಫೋನು ಹಚ್ಚಿದ. ಅವಳು ಎತ್ತಲಿಲ್ಲ, ನೀರಿಗೆ ಹೋಗಿದ್ದಳೋ ಏನೋ. ನಾನು ಚಹಾ ಮಾಡಿ ತರುವಷ್ಟರಲ್ಲಿ ಸೋಫಾದ ಮೇಲೆ ಕುಳಿತಂತೆಯೇ ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಕಾಲಿನಿಂದ ಶೂ ಬಿಚ್ಚಿ ಕಂಬಳಿ ಹೊದಿಸಿದೆ. ಫೋನು ಗುಂಯ್‌ಗುಟ್ಟಿತು, ಜುನಾ. ಎತ್ತಿ, ನಾನು ಮೇಷ್ಟ್ರು ಎಂದೆ.

"ನಮಸ್ತೆ ಸರ್, ರೋಜಿನಾ ಅಪ್ಪ ಎಲ್ಲಿ? ಫೋನ್ ಮಾಡಿದ್ರು."

ಸುದ್ದಿ ಅವನದು. ನಾನು ಹೇಳುವಂಥದಲ್ಲ.

"ಮಲಗಿದಾನಮ್ಮ."

"ಹಗಲು ಹೊತ್ತಲ್ಲಾ? ಮೈಗೆ ಹುಷಾರಿಲ್ವಾ?"

"ಚೆನ್ನಾಗಿದಾನೆ. ಸುಮ್ಮನೆ ಮಲಗಿದಾನೆ. ಎಬ್ಬಿಸ್ಲಾ?"

ಅತ್ತ ಹಿಂದೆ ಎಲ್ಲೋ ಮಗಳು, "ಏನಂತೆ ಅಮ್ಮಾ?" ಎಂದು ಕೇಳುತ್ತಿದ್ದಳು.

"ಬೇಡ ಸರ್" ಎಂದಳು ಜುನಾ, ದನಿ ಒಡೆದಿತ್ತು. "ಅಲ್ಲಿಗೆ ಹೋದಾಗಿಂದ ಹಗಲಲ್ಲಿ ಕಣ್ಣು ಮುಚ್ಚಿದವರಲ್ಲ. ಮಲಗ್ಲಿ. ಎದ್ದಾಗ ಹೇಳ್ಲಿ. ನಾವು ಎಲ್ಲಿಗೂ ಹೋಗಲ್ಲ, ಫೋನ್ ಹತ್ರಾನೇ ಇರ್ತೀವಿ."