ದೀಪಾವಳಿ ತನಕ ತುಂಬೆ

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ. ನಮ್ಮ ಮನೆಯಲ್ಲಿ ಆ ಗಾದೆಗೂ ಕೆಲಸವಿರಲಿಲ್ಲ, ಯಾಕೆಂದರೆ ಮದ್ದಿನ ಗಿಡ ಹಿತ್ತಲಲ್ಲಿ ನಿಲ್ಲಲಿಕ್ಕೇ ನಮ್ಮ ಅತ್ತೆ ಬಿಡುತ್ತಿರಲಿಲ್ಲ. ಕಬ್ಬೂರಿನ ನಮ್ಮ ಮನೆಯ ಹಿಂದೆ ಏನು ಬೆಳೆಯಬೇಕು, ಎಲ್ಲಿ ಬೆಳೆಯಬೇಕು ಎನ್ನುವುದೆಲ್ಲ ಅವರ ಮಾತು. ಸೇವಂತಿಗೆ ಎರಡು ಸಾಲು, ಅಬ್ಬಲಿಗೆ ಒಂದು ಸಾಲು, ಮೂಲೆಗೊಂದು ಕರಿಬೇವು. ನಡುವೆ ಬೇರೆ ಏನಾದರೂ ತಲೆ ಎತ್ತಿದರೆ ಬೆಳಗಿನ ಚಹಾ ಮುಗಿಯುವುದರೊಳಗೆ ಅದರ ಕಥೆ ಮುಗಿಯುತ್ತಿತ್ತು.

ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟರಲ್ಲಿ ಆ ಮಣ್ಣಿನಲ್ಲಿ ನನ್ನಿಷ್ಟದ ಒಂದೇ ಒಂದು ಗಿಡ ಊರಿದವಳಲ್ಲ. ಒಮ್ಮೆ ಗುಲಾಬಿ ತಂದೆ, ಮುಳ್ಳು ಅಂದರು. ಒಮ್ಮೆ ದಾಳಿಂಬೆ ತಂದೆ, ನೆರಳು ಅಂದರು. ಎರಡನ್ನೂ ನೆರೆಮನೆಯಾಕೆಗೆ ಕೊಟ್ಟೆ. ಈಗ ಅವಳ ದಾಳಿಂಬೆ ನಮ್ಮ ಗೋಡೆಯ ಮೇಲೇ ಬಾಗಿ ನನ್ನನ್ನು ಅಣಕಿಸುತ್ತದೆ.

ಕಳೆದ ವರ್ಷ ಆರಿದ್ರಾ ಮಳೆಯಲ್ಲಿ ಸತ್ತಿ ಎಂಬ ನನ್ನ ತವರೂರಿಗೆ ಹೋಗಿದ್ದೆ. ಅಣ್ಣ ಹಿತ್ತಲಿಗೆಲ್ಲ ಫರ್ಸಿ ಕಲ್ಲು ಹಾಸಿಸುತ್ತಿದ್ದ. ಗೋಡೆಯ ಬುಡದಲ್ಲಿ ಪ್ರತಿ ಮಳೆಗೂ ತಾನಾಗಿ ಏಳುವ ತುಂಬೆ ಆಗಲೇ ಬೆರಳುದ್ದ ಬೆಳೆದಿತ್ತು. ಚಿಕ್ಕಂದಿನಲ್ಲಿ ನಮಗೆ ನೆಗಡಿಯಾದರೆ ಅವ್ವ ಅದರ ಎಲೆ ಕುದಿಸಿ, ತಲೆಯ ಮೇಲೆ ಕೌದಿ ಹೊದಿಸಿ, ಹಬೆ ಹಿಡಿಸುತ್ತಿದ್ದಳು. ಸೆಕೆ ತಾಳದೆ ಹೊರಬರಲು ನೋಡಿದರೆ ಬೆನ್ನಿಗೊಂದು ಗುದ್ದು. ನೆಗಡಿ ಹಬೆಗೆ ಓಡುತ್ತಿತ್ತೋ ಗುದ್ದಿಗೋ, ಅಂತೂ ಓಡುತ್ತಿತ್ತು. ಅವ್ವ ಹೋಗಿ ಮೂರು ವರ್ಷವಾಗಿತ್ತು. ಆ ಗಿಡಗಳ ಮೇಲೆ ಕಲ್ಲು ಬೀಳುವುದನ್ನು ನೋಡಲು ನನ್ನಿಂದಾಗಲಿಲ್ಲ. ಐದು ಸಸಿಗಳನ್ನು ಮಣ್ಣಿನ ಸಮೇತ ಎಬ್ಬಿಸಿ, ಎಣ್ಣೆಯ ಖಾಲಿ ಪಾಕೀಟಿಗೆ ತುಂಬಿಕೊಂಡು ಬಸ್ಸು ಹತ್ತಿದೆ.

ಕಂಡಕ್ಟರ್ ಪಾಕೀಟಿನೊಳಗೆ ಇಣುಕಿ, "ಅಕ್ಕಾರ, ಇದು ತುಂಬಿ ಅಲ್ಲೇನ್ರಿ? ನಮ್ಮ ಹೊಲದಾಗ ಕಬ್ಬಿಗಿಂತ ಇದ ಹೆಚ್ಚೈತಿ. ಗಾಡಿ ತಗೊಂಡ ಬರ್ರಿ, ತುಂಬಿ ಕೊಡ್ತೀನಿ" ಅಂದ. ಬಸ್ಸಿನವರೆಲ್ಲ ನಕ್ಕರು.

ಬಾಗಿಲಲ್ಲೇ ಅತ್ತೆ. ಪಾಕೀಟನ್ನು ನೋಡಿದರು, ನನ್ನನ್ನು ನೋಡಿದರು.

"ಹೆಂಗಸರಿಗೆ ಬಸ್ಸ ಪುಕ್ಕಟೆ ಅಂತ ಕಸಾನೂ ಕರಕೊಂಡ ಬಂದಿ ಏನ?"

"ಔಷಧಿ ಗಿಡಾರಿ, ಅತ್ಯಾರ."

"ನಾಳಿ ಬಸದಿ ಗದ್ದಲ ಮುಗೀಲಿ. ಆಮ್ಯಾಲ ಹೊರಗ ಒಗದ ಬಾ."

ಆ ರಾತ್ರಿ ಪಾಕೀಟನ್ನು ಬಚ್ಚಲಲ್ಲಿ ಬಚ್ಚಿಟ್ಟೆ. ಮರುದಿನ ಆಷಾಢದ ಚತುರ್ದಶಿ. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುವ ಮುನಿ ಮಹಾರಾಜರು ಆ ವರ್ಷ ನಮ್ಮ ಬಸದಿಗೆ ಬಂದಿದ್ದರು. ಅವರ ಮುಂದೆ ಕೂತು, ದೀಪಾವಳಿಯ ತನಕ ಏನಾದರೊಂದನ್ನು ಬಿಡುವ ನೇಮ ಹಿಡಿಯುವುದು ನಮ್ಮ ಜೈನರಲ್ಲಿ ರೂಢಿ. ಅತ್ತೆ ನೇಮ ಹಿಡಿದರೆ ಗಟ್ಟಿ. ಒಂದು ವರ್ಷ ಚಹಾ ಬಿಟ್ಟಿದ್ದರು. ಅದನ್ನು ಮನೆಮಂದಿಯೆಲ್ಲ ಅನುಭವಿಸಿದ್ದೇವೆ. ಈ ಸಲ ಕೈ ಜೋಡಿಸಿ ದೊಡ್ಡ ದನಿಯಲ್ಲಿ ಹೇಳಿದರು: ಹಸಿರು ತಿನ್ನುವುದಿಲ್ಲ. ಹಸಿರನ್ನು ಕೀಳುವುದಿಲ್ಲ, ಕೀಳಿಸುವುದಿಲ್ಲ, ಕಿತ್ತವರಿಗೆ ಹೂಂ ಅನ್ನುವುದಿಲ್ಲ.

ಪಕ್ಕದಲ್ಲಿ ನಾನೂ ಕಣ್ಣು ಮುಚ್ಚಿ ಕೂತಿದ್ದೆ. ಮನಸ್ಸು ಮಾತ್ರ ಬಚ್ಚಲಿಗೆ ಓಡಿತ್ತು. ದೇವರ ಸನ್ನಿಧಿಯಲ್ಲಿ ಇಂಥ ಬುದ್ಧಿ ಬಂದಿದ್ದಕ್ಕೆ ನಾಚಿಕೆಯಾಯಿತು, ಆದರೆ ಬಂದ ಬುದ್ಧಿಯನ್ನು ಬಿಡುವಷ್ಟು ನಾಚಿಕೆಯಾಗಲಿಲ್ಲ. ಮನೆಗೆ ಬಂದವಳೇ ಐದೂ ಸಸಿ ನೆಟ್ಟೆ, ಅದೂ ಅತ್ತೆಯ ಕಣ್ಣೆದುರಿಗೆ. ಅವರ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಗೆದ್ದ ಉಮೇದಿಯಲ್ಲಿ ಎರಡು ಸಸಿಗಳನ್ನು ನಾನೇ ಕೊಂದೆ. ಸೇವಂತಿಗೆಯ ಪಕ್ಕದ ಹದವಾದ ಮಣ್ಣು, ಸಗಣಿ ಗೊಬ್ಬರ, ದಿನಕ್ಕೆರಡು ಸಲ ನೀರು. ಹತ್ತು ದಿನಕ್ಕೆ ಹಳದಿಯಾಗಿ ಮಲಗಿದವು. ಜಾಗ ಸಾಲದೆ ಅರಿವೆ ಒಗೆಯುವ ಕಲ್ಲಿನ ಪಕ್ಕ, ಗರಸು ಮಣ್ಣಿನಲ್ಲಿ ತುರುಕಿದ್ದ ಮೂರು ಸಸಿಗಳು ಮಾತ್ರ ನಾನು ತಿರುಗಿ ನೋಡದಿದ್ದರೂ ಗೇಣುದ್ದ ಎದ್ದವು.

"ಭಾಳ ಲಾಡ ಮಾಡಿದ್ರ ಹಿಂಗ ಆಗೂದು," ಅಂದರು ಅತ್ತೆ. "ನಿನ್ನ ಮಗನ್ನ ನೋಡಿದ್ರನ ತಿಳೀತೈತಿ."

ಶ್ರಾವಣದಲ್ಲಿ ಕಸ ತೆಗೆಯುವ ಹೆಂಗಸು ಬಂದಳು. ಕಲ್ಲಿನ ಪಕ್ಕ ನಿಂತು, "ಅಮ್ಮಾರ, ಈ ತುಂಬಿ ಕೀಳ್ಲ್ಯಾ?" ಎಂದು ಅತ್ತೆಯನ್ನೇ ಕೇಳಿದಳು. ಹೂಂ ಅನ್ನುವಂತಿಲ್ಲ. ಬೇಡ ಅನ್ನಲು ಮನಸ್ಸಿಲ್ಲ. ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಶುರು ಮಾಡಿದರು. ನಾನು ಅಡುಗೆಮನೆಯ ಕಿಟಕಿಯಿಂದ "ಬ್ಯಾಡ!" ಎಂದು ಕೂಗಿದೆ. ಮಂತ್ರ ಅಲ್ಲಿಗೇ ನಿಂತಿತು.

ಇನ್ನೊಂದು ದಿನ ಹಿತ್ತಲಲ್ಲಿ ಕಟ್ಟುವ ನಮ್ಮ ಎಮ್ಮೆಯ ಹಗ್ಗ ಎಂದಿಗಿಂತ ಎರಡು ಮೊಳ ಉದ್ದವಿತ್ತು. ಸರಿಯಾಗಿ ಒಗೆಯುವ ಕಲ್ಲಿನ ತನಕ ಮುಟ್ಟುವಷ್ಟು. ಎಮ್ಮೆ ಬಂದು ತುಂಬೆಯನ್ನು ಮೂಸಿತು, ಜೋರಾಗಿ ಸೀನಿತು, ತಿರುಗಿ ಸೇವಂತಿಗೆಯ ಒಂದು ಸಾಲನ್ನು ಪೂರ್ತಿ ಮೇಯ್ದಿತು. ಹಗ್ಗ ಬಿಟ್ಟವರಾರು ಎಂದು ಯಾರೂ ಕೇಳಲಿಲ್ಲ. ನಗು ತಡೆಯಲು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ. ಮರುದಿನ ಅತ್ತೆ ತಾವಾಗಿ ಬಸದಿಗೆ ಹೋಗಿ, ಮಹಾರಾಜರ ಮುಂದೆ ಒಪ್ಪಿಕೊಂಡು, ಉಪವಾಸ ಹಿಡಿದು ಬಂದರು. ಹಗ್ಗವನ್ನು ಗಿಡ್ಡ ಮಾಡಿ ಕಟ್ಟಿದರು. ಆ ದಿನ ನನಗೂ ಊಟ ಸೇರಲಿಲ್ಲ.

ಭಾದ್ರಪದದಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಒಣ ಶುಂಠಿ ಆಯಿತು, ಅಜವಾನ ಆಯಿತು, ದವಾಖಾನೆಯ ಸಿರಪ್ಪೂ ಆಯಿತು. ಆರು ದಿನವಾದರೂ ಇಳಿಯಲಿಲ್ಲ. ತುಂಬೆ ಎಲೆ ಕುದಿಸುತ್ತೇನೆ ಅಂದೆ.

"ನನ್ನ ಸಲುವಾಗಿ ನೀ ಎಲಿ ಹರದ್ರ ನಾ ಹರಿಸಿದಂಗ ಆತು."

ನನಗೆ ಸಿಟ್ಟು ನೆತ್ತಿಗೇರಿತು. "ಬುಡಸಮೇತ ಕೀಳಾಕ ಎಮ್ಮಿ ಬಿಟ್ಟವರು, ಈಗ ನಾಕ ಎಲಿಗೆ ವಿಚಾರ ಮಾಡ್ತೀರಲ್ರಿ!"

"ಕೀಳೂ ಆಸೆ ಬ್ಯಾರೆ, ನೇಮ ಬ್ಯಾರೆ," ಎಂದು ಕೆಮ್ಮುತ್ತ ಗೋಡೆಯ ಕಡೆ ತಿರುಗಿ ಮಲಗಿದರು.

ಆಗ ಹೊಳೆದದ್ದು ಹೂವು. ತುಂಬೆಯ ಬಿಳಿ ಹೂವನ್ನು ಯಾರೂ ಕೀಳಬೇಕಿಲ್ಲ. ಹೊತ್ತು ಏರಿದಂತೆ ತಾನಾಗಿ ಉದುರುತ್ತದೆ. ಗಿಡದ ಕೆಳಗೆ ಹಳೆಯ ಧೋತರ ಹಾಸಿ, ಬಿದ್ದ ಹೂಗಳನ್ನು ಆರಿಸಿ, ಬೆಲ್ಲದ ಜೊತೆ ಅರೆದು ಕೊಟ್ಟೆ. ಜೇನಿನ ಜೊತೆ ಕೊಡುವುದು ರೂಢಿ, ಆದರೆ ಜೈನರ ಮನೆಯೊಳಗೆ ಜೇನು ಬರುವುದಿಲ್ಲ.

"ತಾವ ಬಿದ್ದಾವು?"

"ತಾವ ಬಿದ್ದಾವ್ರಿ."

"ನೀ ಗಿಡ ಅಳ್ಳಾಡ್ಸಿಲ್ಲ?"

"ಇಲ್ರಿ."

ನಂಬಲಿಲ್ಲ. ಮರುದಿನ ಮಣೆ ಹಾಕಿಕೊಂಡು ತುಂಬೆಯ ಎದುರಿಗೆ ತಾವೇ ಕೂತರು. ಗಾಳಿ ಬೀಸಿದರೆ ಗಾಳಿಯನ್ನೇ ಸಂಶಯದಿಂದ ನೋಡಿದರು. ನೆರೆಮನೆಯ ಕೋಳಿ ಹತ್ತಿರ ಬಂದರೆ ಹುಶ್ ಅಂದರು. ಒಂದು ಹೂವು ಬಿದ್ದಾಗ, "ಬಿತ್ತ ನೋಡ!" ಎಂದು ಒಳಗಿದ್ದ ನನ್ನನ್ನು ಕರೆದರು. ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಕೆಮ್ಮು ಹೂವಿಗೆ ಹೋಯಿತೋ, ಅದರ ದಿನ ತುಂಬಿ ಹೋಯಿತೋ ಹೇಳಲಾರೆ. ಕೆಮ್ಮು ಹೋದ ಮೇಲೂ ಮಣೆ ಮಾತ್ರ ಅಲ್ಲೇ ಇತ್ತು. ಸೊಪ್ಪಿಲ್ಲದ ಊಟ ಮುಗಿಸಿ ಅಲ್ಲಿ ಕೂತು ಗಿಡಗಳನ್ನು ದಿಟ್ಟಿಸುತ್ತಿದ್ದರು. ದೀಪಾವಳಿಗೆ ಎಷ್ಟು ದಿನ ಉಳಿಯಿತೆಂದು ಎಣಿಸುತ್ತಿದ್ದಾರೆ ಎಂದೇ ನಾನು ತಿಳಿದೆ. ನಾನೂ ಎಣಿಸುತ್ತಿದ್ದೆ, ಹೆದರಿಕೆಯಿಂದ. ಅವ್ವನ ಹಿತ್ತಲಿನಿಂದ ಉಳಿದದ್ದು ಆ ಮೂರೇ ಗಿಡ.

ದೀಪಾವಳಿ ಬಂತು. ಬಸದಿಯಲ್ಲಿ ದೇವರಿಗೆ ನಿರ್ವಾಣದ ಲಾಡು ಏರಿಸಿ ನೇಮ ಮುಗಿಸಿದರು. ಮರುದಿನ ನಾನು ಒದ್ದೆ ಸೀರೆ ಹಿಂಡುತ್ತಿದ್ದಾಗ ಅತ್ತೆ ಕಸ ತೆಗೆಯುವ ಕುರ್ಪಿ ಹಿಡಿದು ಹೊರಬಂದು, ನೇರವಾಗಿ ತುಂಬೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕುರ್ಪಿಯ ಬಾಯಿ ಗಿಡದ ಬುಡಕ್ಕೆ ಹೋಯಿತು. ಒದ್ದೆ ಸೀರೆ ಹಿಡಿದೇ ಆ ಕಡೆ ಧಾವಿಸಿದೆ.

ಅಷ್ಟರಲ್ಲಿ ನೆರೆಮನೆಯಾಕೆ ಗೋಡೆಯ ಮೇಲಿಂದ ತಲೆ ಹಾಕಿದಳು. "ಕಾಕು, ಮೊಮ್ಮಗಗ ಮೂಗ ಕಟ್ಟೇತ್ರಿ. ಹೆಂಗೂ ಕೀಳಾಕತ್ತೀರಿ, ಆ ಎಲಿ ನನಗರ ಕೊಡ್ರಿ."

"ಯಾರ ಕೀಳಾಕತ್ತಾರ?" ಅತ್ತೆ ಕತ್ತೆತ್ತದೆ ಗಿಡದ ನಡುವಿನ ಕರಿಕೆ ಹುಲ್ಲನ್ನು ಬೇರು ಸಮೇತ ಎಬ್ಬಿಸಿ ಆಚೆ ಒಗೆದರು. "ಮತ್ತ ನನ್ನ ಯಾಕ ಕೇಳ್ತಿ? ಅದು ಆಕೀ ಗಿಡ. ಆಕೀನ ಕೇಳು."

ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯ ಒಂದು ಚಮಚೆಗೂ ಅವರು ಹಾಗೆ ಅಂದಿರಲಿಲ್ಲ. ಸೀರೆ ನನ್ನ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ನನಗೆ ದಾನಶೂರತನ ಉಕ್ಕಿತು. ಎರಡೂ ಕೈಯಿಂದ ಎಲೆ ಹರಿದು ಹರಿದು ಗೋಡೆಯಾಚೆ ಕೊಟ್ಟೆ. ಮೊಮ್ಮಗನಿಗೆ, ಮೊಮ್ಮಗನ ತಾಯಿಗೆ, ಮುಂದೆ ಯಾರಿಗಾದರೂ ನೆಗಡಿಯಾದರೆ ಇರಲಿ ಎಂದು ಇನ್ನೊಂದು ಬೊಗಸೆ. ಅವಳು ಸೆರಗು ತುಂಬಿಕೊಂಡು ಹೋದಳು.

ಅತ್ತೆ ಗಿಡಗಳನ್ನು ನೋಡಿದರು. ಮೂರು ಬೋಳು ಕಡ್ಡಿ ನಿಂತಿದ್ದವು.

"ನಾಕ ತಿಂಗಳ ಒಂದ ಎಲಿ ಮುಟ್ಟದ ಕಾದೇನಿ ನಾ," ಎಂದು ಕುರ್ಪಿ ಎತ್ತಿ ನನ್ನ ಮೇಲೆ ಬಂದರು. "ನೀ ಒಂದ ಗಳಿಗ್ಯಾಗ ಬೋಳ್ಸಿ ಇಟ್ಟಿ! ನಿನ್ನ ಗಿಡ ಅಂದ್ರ ಹಿಂಗ ಮಾಡೂದೇನ?"

ತಪ್ಪಾತ್ರಿ ಅಂದೆ. ಅವರು ಬೈಯುತ್ತಲೇ ಇದ್ದರು, ನಾನು ಕಣ್ಣೊರೆಸಿಕೊಳ್ಳುತ್ತ ಕೇಳುತ್ತ ನಿಂತಿದ್ದೆ. ಬೈಗುಳ ಇಷ್ಟು ಬೇಗ ಮುಗಿಯದಿರಲಿ ಅನ್ನಿಸಿತು.