ಕೊಂಡದ್ದು ಸೊನ್ನೆ

ಹಿರೇನಲ್ಲೂರಿನಲ್ಲಿ ಸಮೀಕ್ಷೆಗೆಂದು ಮನೆಮನೆ ಸುತ್ತುತ್ತ ಜಯಮ್ಮನವರ ಮನೆಗೆ ಹೋದೆ. ಮನೆಯವರ ತೂಕ ನೋಡುವುದು, ವಾರಕ್ಕೆ ಎಷ್ಟು ಸಿಹಿ ತಿಂಡಿ ಕೊಳ್ಳುತ್ತಾರೆಂದು ಕೇಳಿ ಟ್ಯಾಬ್‌ನಲ್ಲಿ ತುಂಬುವುದು ನನ್ನ ಕೆಲಸ. ಜಯಮ್ಮ, ಅವರ ಗಂಡ, ಮಗಳು, ಮೂವರ ತೂಕವೂ ಮಿತಿ ಮೀರಿತ್ತು.

“ಈ ವಾರ ಕ್ರೀಮ್ ಬಿಸ್ಕತ್ತು, ಕೇಕು ಎಷ್ಟು ಕೊಂಡ್ರಿ?” ಎಂದು ಕೇಳಿದೆ.

“ಒಂದೂ ಕೊಂಡಿಲ್ಲ ಕಣಮ್ಮ,” ಎಂದರು ಜಯಮ್ಮ.

ಅಷ್ಟರಲ್ಲಿ ಮಗಳು ಪಕ್ಕದ ಕೋಣೆಯಿಂದ ಕೇಕಿನ ಪ್ಯಾಕೆಟ್ ಹರಿಯುತ್ತ ಬಂದಳು. ಇಣುಕಿ ನೋಡಿದರೆ ಅಲ್ಲೊಂದು ಅಂಗಡಿ!

“ಅಂಗ್ಡಿ ನಮ್ದೇ. ನಮ್ಮಂಗ್ಡೀಲಿ ನಾವೇ ಕೊಂಡ್ಕೋತೀವಾ?” ಎಂದರು ಜಯಮ್ಮ.

“ಹಂಗಾದ್ರೆ ತಿಂದಿದ್ದೆಷ್ಟು ಹೇಳಿ.”

“ಅದನ್ನ ಯಾರು ಎಣಿಸ್ತಾರೆ?”

ಸೊನ್ನೆ ಒತ್ತಿದೆ. ‘ಮತ್ತೊಮ್ಮೆ ವಿಚಾರಿಸಿ’ ಎಂದು ಟ್ಯಾಬ್ ಕೆಂಪಾಯಿತು. ಸೂಪರ್‌ವೈಸರ್‌ಗೆ ಫೋನ್ ಮಾಡಿದರೆ, “ಪ್ರಶ್ನೆ ಇರೋದು ಕೊಂಡಿದ್ದರ ಬಗ್ಗೆ ಮೇಡಂ, ತಿಂದಿದ್ದರ ಬಗ್ಗೆ ಅಲ್ಲ. ಸೊನ್ನೇನೇ ಹಾಕಿ,” ಎಂದರು.

ತಲೆ ಚಚ್ಚಿಕೊಳ್ಳುವಂತಾಯಿತು. ಟ್ಯಾಬ್ ಬದಿಗಿಟ್ಟು, “ತಿನ್ನೋದು ಕಮ್ಮಿ ಮಾಡಿ ಜಯಮ್ಮ, ಮಗಳಿಗಿನ್ನೂ ಹದಿನಾರು,” ಎಂದೆ.

ಅವರ ಮುಖ ಸಪ್ಪಗಾಯಿತು. “ಡಾಕ್ಟ್ರೂ ಅದೇ ಅಂದ್ರು. ದಿನಾ ಕಣ್ಮುಂದೇನೇ ಇರ್ತದೆ, ಹೆಂಗಮ್ಮ ಬಿಡೋದು? ನಿನ್ನ ಟ್ಯಾಬಲ್ಲಿ ಅದಕ್ಕೇನಾದ್ರೂ ಐತಾ?”

ಇರಲಿಲ್ಲ. ಉಳಿದಿದ್ದುದು ಕೊನೆಯ ಪ್ರಶ್ನೆ ಮಾತ್ರ: ‘ಕುಟುಂಬಕ್ಕೆ ಸೂಕ್ತ ಸಲಹೆ ನೀಡಲಾಗಿದೆಯೇ?’ ಹೌದು ಎಂದು ಒತ್ತಿದೆ. ಇಲ್ಲ ಎಂದರೆ ಟ್ಯಾಬ್ ನಮ್ಮನ್ನು ಮುಂದಿನ ಮನೆಗೇ ಬಿಡುವುದಿಲ್ಲ.